ಚೀಲ ಕಾಯುವ ಕೆಲಸ

ನನ್ನ ತಮ್ಮ ಗಾಜಿನ ಬಾಟಲಿ ಕಾರ್ಖಾನೆಯೊಂದರಲ್ಲಿ ಹಾಜರಿ ವಿಭಾಗದ ಮುಖ್ಯಸ್ಥನಾಗಿದ್ದ. ಬೆಳಗಿನ ಪಾಳಿ ಎಂಟಕ್ಕೆ. ಐದು ನಿಮಿಷದ ರಿಯಾಯಿತಿ. ಎಂಟೂ ಐದಕ್ಕೆ ಸರಿಯಾಗಿ ಅವನು ಹಾಜರಿ ಪುಸ್ತಕ ಮುಚ್ಚಿ ಅದರ ಮೇಲೆ ಮೊಣಕೈ ಊರುತ್ತಿದ್ದ. ಆಮೇಲೆ ಬಂದವರು ಹೆರಿಗೆ ವಾರ್ಡಿನಿಂದ ಬಂದಿರಲಿ, ಸ್ಮಶಾನದಿಂದ ಬಂದಿರಲಿ, ಅರ್ಧ ದಿನ ಗೈರು. ಕಾರ್ಮಿಕರು ಅವನಿಗೆ ‘ಎಂಟೂ ಐದು’ ಎಂದೇ ಹೆಸರಿಟ್ಟಿದ್ದರು. ಅದು ಅವನ ಕಿವಿಗೂ ಬಿತ್ತು. ಅವನು ಅದನ್ನು ಬಿರುದು ಎಂದುಕೊಂಡ.

ಚಳಿಗಾಲದಲ್ಲಿ ಕುಲುಮೆಯ ದುರಸ್ತಿಗೆಂದು ಕಾರ್ಖಾನೆಗೆ ಹನ್ನೊಂದು ದಿನ ರಜೆ. ಹಾಜರಿ ಹಾಕಿಸಿಕೊಳ್ಳಲು ಯಾರೂ ಇಲ್ಲದ ಆ ದಿನಗಳಲ್ಲಿ ಅವನಿಗೆ ಕೈ ಕಟ್ಟಿಹಾಕಿದಂತೆ ಆಗುತ್ತಿತ್ತು. ಅದಕ್ಕೇ ಇರಬೇಕು, ಮದುವೆಯಾದ ಮೂರನೆಯ ವರ್ಷ ಅವನು ಕುಟುಂಬದ ಬೆಟ್ಟದ ನಡಿಗೆಯನ್ನು ಹುಟ್ಟುಹಾಕಿದ. ಪ್ರತಿ ರಜೆಗೆ ಮೂರು ನಡಿಗೆ: ತಾಲೀಮಿಗೆ ಎರಡು ಸಣ್ಣ ಗುಡ್ಡ, ಕೊನೆಯ ಭಾನುವಾರ ಊರ ಹಿಂದಿನ ದೊಡ್ಡ ಬೆಟ್ಟ. ಇದಕ್ಕೆ ಹದಿನಾಲ್ಕು ನಿಯಮಗಳನ್ನು ಟೈಪ್ ಮಾಡಿಸಿ ಚಪ್ಪಲಿ ಬೀರುವಿನ ಒಳಬಾಗಿಲಿಗೆ ಅಂಟಿಸಿದ್ದ. ಬೆಳಗ್ಗೆ ಆರೂ ಕಾಲಿಗೆ ಹೊಸ್ತಿಲಲ್ಲಿ ಸಾಲಾಗಿ ನಿಲ್ಲಬೇಕು, ಅವನು ಹೆಸರು ಕೂಗಬೇಕು, ಅದೇ ಮನೆಯಲ್ಲಿದ್ದ ಅಕ್ಕ ನಾನೂ ಸೇರಿ ಎಲ್ಲರೂ ಓಗೊಡಬೇಕು. ನಾಲ್ಕು ಅಡಿ ದೂರದಲ್ಲಿ ನಿಂತ ಸ್ವಂತ ಹೆಂಡತಿಯ ಹೆಸರನ್ನೂ ಅವನು ಕೂಗುತ್ತಿದ್ದ.

ಒಂಬತ್ತನೆಯ ನಿಯಮ ಹೀಗಿತ್ತು: ಹೊರೆ ಹೊತ್ತು ಕೊನೆಯ ಕಡಿದಾದ ಏರನ್ನು ಯಾರೂ ಹತ್ತತಕ್ಕದ್ದಲ್ಲ, ಚೀಲಗಳನ್ನು ಚಪ್ಪಟೆ ಬಂಡೆಯ ಬಳಿ ಜವಾಬ್ದಾರಿಯುತ ವ್ಯಕ್ತಿಯೊಬ್ಬರ ವಶದಲ್ಲಿ ಬಿಡತಕ್ಕದ್ದು. ಆ ಜವಾಬ್ದಾರಿಯುತ ವ್ಯಕ್ತಿ ಅವನ ಹೆಂಡತಿ. ಹದಿನಾಲ್ಕು ನಿಯಮಗಳಲ್ಲಿ ಅವಳಿಗೆ ಸಿಕ್ಕ ಹೊಗಳಿಕೆ ಅದೊಂದೇ.

ಮೊದಲ ವರ್ಷ ಅದರಲ್ಲಿ ಅನ್ಯಾಯವೇನೂ ಇರಲಿಲ್ಲ. ಮಗನಿಗೆ ಆಗ ಎಂಟು ತಿಂಗಳು, ಮಡಿಲಲ್ಲಿ ಮಲಗಿದ್ದ. ಅವನು ನಡೆಯಲು ಕಲಿಯುವ ಹೊತ್ತಿಗೆ ಮಗಳು ಮಡಿಲಿಗೆ ಬಂದಿದ್ದಳು. ಆಮೇಲೆ ಇಬ್ಬರೂ ಮಡಿಲಿನಿಂದ ಎದ್ದು ಅಪ್ಪನ ಹಿಂದೆ ಬೆಟ್ಟ ಹತ್ತಿದರು. ಅಮ್ಮ ಮಾತ್ರ ಬಂಡೆಯ ಮೇಲೆ ಉಳಿದಳು. ಇನ್ನೂ ಯಾಕೆ ಉಳಿದಿದ್ದಾಳೆ ಎಂದು ಯಾರೂ ಕೇಳಲಿಲ್ಲ. ಚೀಲದ ಸಾಮಾನನ್ನು ಐದು ಪಾಲು ಮಾಡಿದರೆ ಒಬ್ಬೊಬ್ಬರಿಗೆ ಎರಡು ಕಿಲೋ ಕೂಡ ಬರುವುದಿಲ್ಲ ಎಂಬುದು ಯಾರಿಗೂ ಹೊಳೆಯಲಿಲ್ಲ. ಮೂವತ್ತೆರಡು ವರ್ಷ ಗಣಿತ ಪಾಠ ಮಾಡಿದ ನನಗೂ ಹೊಳೆಯಲಿಲ್ಲ.

ತುದಿಯಲ್ಲಿ ಊರಿನ ನಡಿಗೆ ಸಂಘದವರು ತಗಡಿನ ಪೆಟ್ಟಿಗೆಯೊಳಗೆ ಒಂದು ಪುಸ್ತಕ ಇಟ್ಟಿದ್ದರು. ಹತ್ತಿದವರು ಅದರಲ್ಲಿ ಹೆಸರು ಬರೆಯಬೇಕು. ನನ್ನ ತಮ್ಮ ಪುಸ್ತಕ ಕಂಡರೆ ಬಿಡುವವನಲ್ಲ. ಪ್ರತಿ ವರ್ಷ ದುಂಡಗೆ ಬರೆಯುತ್ತಿದ್ದ: ‘ಕುಟುಂಬ ಸಮೇತ, ಎಲ್ಲರೂ ಹಾಜರು.’ ಆ ಪುಸ್ತಕದ ಪ್ರಕಾರ ಅವನ ಮಗ ಎಂಟು ತಿಂಗಳಿಗೇ ಬೆಟ್ಟದ ತುದಿ ಮುಟ್ಟಿದ್ದ.

ಹದಿನೆಂಟನೆಯ ಚಳಿಗಾಲದಲ್ಲಿ ಸಂಘದ ಕಾರ್ಯದರ್ಶಿ ಮನೆಗೆ ಬಂದರು. ಪೇಟೆಯಲ್ಲಿ ಕನ್ನಡಕದ ಅಂಗಡಿ ಇಟ್ಟುಕೊಂಡಿರುವ ಮನುಷ್ಯ. ಸಣ್ಣ ಅಕ್ಷರ ಓದುವುದು ಅವರ ಕಸುಬು. ಒಂದು ವರ್ಷವೂ ತಪ್ಪದೆ ಇಡೀ ಕುಟುಂಬ ಹತ್ತಿದ್ದು ಊರಲ್ಲಿ ಇದೊಂದೇ ಎಂದು ಪುಸ್ತಕ ತಿರುವಿ ಕಂಡುಕೊಂಡಿದ್ದರು. ಸಂಘದ ಕೋಣೆಯ ಗೋಡೆಗೆ ಹಾಕಲು ಎಲ್ಲರೂ ತುದಿಯಲ್ಲಿ ನಿಂತಿರುವ ಒಂದು ಫೋಟೋ ಬೇಕಿತ್ತು. ತಮ್ಮ ಆಲ್ಬಮ್ ತಂದ. ಅವರು ಪುಟ ತಿರುಗಿಸಿದರು. ಅಪ್ಪ, ಮಗ, ಮಗಳು. ಅಪ್ಪ, ಮಗ, ಮಗಳು.

“ಯಜಮಾನ್ತಿಯವರು ಒಂದರಲ್ಲೂ ಕಾಣ್ತಿಲ್ಲವಲ್ಲ?” ಎಂದರು.

ಅವಳು ಆಗ ಅವರಿಗೆ ಚಹಾದ ಲೋಟ ಚಾಚುತ್ತಿದ್ದಳು.

“ಎಲ್ಲಾ ಫೋಟೋ ತೆಗೆದಿದ್ದೇ ಅವಳಲ್ವಾ,” ಎಂದ ನನ್ನ ತಮ್ಮ.

ತೆಗೆದವಳು ನಾನು. ಐದು ನಿಮಿಷಕ್ಕೆ ಜನರ ಅರ್ಧ ದಿನ ಕತ್ತರಿಸುವ ಮನುಷ್ಯ ಹದಿನೇಳು ವರ್ಷದ ಸುಳ್ಳನ್ನು ಕಣ್ಣು ಮಿಟುಕಿಸದೆ ಹೇಳಿದ. ಅವನಿಗೆ ಅದು ಸುಳ್ಳು ಎಂದು ಅನ್ನಿಸಿರಲಿಕ್ಕಿಲ್ಲ. ಪುಸ್ತಕದಲ್ಲಿ ಬರೆದಾಗಿತ್ತು, ಅಷ್ಟೇ.

ಕಾರ್ಯದರ್ಶಿಗಳು ಗೇಟು ದಾಟಿದ ಮೇಲೆ ಅವಳು ಲೋಟಗಳನ್ನು ಎತ್ತುತ್ತಾ, “ಈ ಭಾನುವಾರ ನಾನೂ ಮೇಲಕ್ಕೆ ಬರ್ತೀನಿ,” ಎಂದಳು.

ರಜೆ ಮುಗಿದ ಮರುವಾರವೇ ಅವಳ ಬಲ ಮಂಡಿಗೆ ಶಸ್ತ್ರಚಿಕಿತ್ಸೆ. ಅದಾದ ಮೇಲೆ ಬೆಟ್ಟದ ಮಾತೇ ಎತ್ತಬೇಡಿ ಎಂದು ಡಾಕ್ಟರು ಹೇಳಿಯಾಗಿತ್ತು. ಹಾಗಾಗಿ ಈ ಭಾನುವಾರ ತಪ್ಪಿದರೆ ತಪ್ಪಿದ್ದೇ. ಇದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ತಮ್ಮನಿಗೆ ಮಂಡಿಯ ಯೋಚನೆ ಬರಲಿಲ್ಲ. ಚೀಲ ಯಾರು ನೋಡಿಕೊಳ್ಳುತ್ತಾರೆ ಎಂದು ಕೇಳಿದ. ಬಂಡೆಯೂ ಬೆಟ್ಟದ ಮೇಲೆಯೇ ಇದೆ, ಆದ್ದರಿಂದ ಬಂಡೆಯ ಮೇಲೆ ಕೂತವರೂ ಬೆಟ್ಟದಲ್ಲಿ ಹಾಜರಿದ್ದಂತೆಯೇ ಲೆಕ್ಕ ಎಂದು ವಾದಿಸಿದ. ಮಗ ಅಪ್ಪನ ನೆರವಿಗೆ ಬಂದ.

“ಅಲ್ಲಿ ಏನೂ ಇಲ್ಲಮ್ಮ. ಬರೀ ಗಾಳಿ.”

“ಏನೂ ಇಲ್ಲದ್ದನ್ನ ನೋಡೋಕೆ ವರ್ಷಾ ವರ್ಷಾ ಹೋಗ್ತೀರಲ್ಲಪ್ಪ,” ಎಂದಳು ಅವಳು. “ನಾನೂ ಒಂದ್ಸಲ ನೋಡ್ಕೊಂಡು ಬರ್ತೀನಿ.”

ಚೀಲವನ್ನು ಪಾಲು ಮಾಡಿಕೊಳ್ಳೋಣ ಎಂದು ಕೊನೆಗೆ ಹೇಳಿದವಳು ಮಗಳು. ತಮ್ಮ ಎದ್ದು ಹೋಗಿ ಚಪ್ಪಲಿ ಬೀರು ತೆರೆದು ಒಂಬತ್ತನೆಯ ನಿಯಮವನ್ನು ಗಟ್ಟಿಯಾಗಿ ಓದಿದ. ಹೊರೆ ಹೊತ್ತು ಯಾರೂ ಹತ್ತತಕ್ಕದ್ದಲ್ಲ. ನಿಯಮ ಬದಲಾಯಿಸಪ್ಪಾ ಎಂದು ನಾನೆಂದರೆ, ಹಾಗೆ ಬದಲಾಯಿಸುತ್ತಾ ಹೋದರೆ ಅದು ನಿಯಮ ಹೇಗಾಗುತ್ತದೆ ಎಂದು ಕೇಳಿದ. ಸರಿ, ಹಾಗಾದರೆ ಜವಾಬ್ದಾರಿಯುತ ವ್ಯಕ್ತಿಯೊಬ್ಬರು ಬೇಕು. ಮಕ್ಕಳನ್ನು ಅವನು ನಂಬುತ್ತಿರಲಿಲ್ಲ. ನಾನು ಕೂರುತ್ತೇನೆ ಎಂದರೆ, ಅಕ್ಕನನ್ನು ಚಳಿಯಲ್ಲಿ ಒಬ್ಬಳನ್ನೇ ಕೂರಿಸುವುದು ಸರಿಯಲ್ಲ ಎಂದ. ಹೆಂಡತಿಯ ವಿಷಯದಲ್ಲಿ ಈ ಸೂಕ್ಷ್ಮ ಅವನನ್ನು ಒಮ್ಮೆಯೂ ಕಾಡಿರಲಿಲ್ಲ. ಅವನು ಬೀರುವಿನ ಬಾಗಿಲು ಮುಚ್ಚಿದ. ಮನೆಯಲ್ಲಿ ಉಳಿದ ಜವಾಬ್ದಾರಿಯುತ ವ್ಯಕ್ತಿ ಅವನೊಬ್ಬನೇ.

ಭಾನುವಾರ ಅವನು ಬಂಡೆಯ ಮೇಲೆ ಕುಳಿತ. ನಾವು ನಾಲ್ವರು ಹೊರಟೆವು. ಹೊರಡುವಾಗ ಏರಿಗೆ ನಲವತ್ತು ನಿಮಿಷ, ತುದಿಯಲ್ಲಿ ಹದಿನೈದು, ಇಳಿಯಲು ಮೂವತ್ತು ಎಂದು ಕೈಗಡಿಯಾರ ತೋರಿಸಿ ಹೇಳಿ ಕಳಿಸಿದ.

ಅವಳು ಎರಡೂ ಕಾಲನ್ನು ಒಂದೇ ಮೆಟ್ಟಿಲಿಗೆ ತಂದು, ನಿಂತು, ಮತ್ತೆ ಎಡಗಾಲು ಎತ್ತುತ್ತಿದ್ದಳು. ಎಡಗಡೆ ಮಗಳ ಭುಜ, ಬಲಗಡೆ ಕೋಲು. ಮುಕ್ಕಾಲು ದಾರಿಯಲ್ಲಿ ಮಂಡಿ ಬಾತುಕೊಂಡಿತು. ಮಗ ಹೊತ್ತುಕೊಂಡು ಹೋಗುತ್ತೇನೆ ಎಂದ.

“ನಿನ್ನ ಬೆನ್ನ ಮೇಲೆ ಕೂತ್ರೆ ನೀನು ಹತ್ತಿದ ಹಾಗೆ ಆಗುತ್ತೆ. ಸುಮ್ನೆ ಮುಂದೆ ನಡಿ,” ಎಂದಳು.

ತುದಿ ಮುಟ್ಟಲು ಒಂದು ಗಂಟೆ ಐವತ್ತು ನಿಮಿಷ ಹಿಡಿಯಿತು. ಅಲ್ಲಿ ಅವಳು ಒಂದು ಕಲ್ಲಿನ ಮೇಲೆ ಕಾಲು ಚಾಚಿ ಕುಳಿತಳು. ಅಳಲಿಲ್ಲ, ಆಕಾಶಕ್ಕೆ ಕೈ ಮುಗಿಯಲಿಲ್ಲ. ಆ ಊರು ಯಾವುದು, ಈ ರಸ್ತೆ ಎಲ್ಲಿಗೆ ಹೋಗುತ್ತದೆ, ಆ ಕೆರೆಗೆ ನೀರು ಎಲ್ಲಿಂದ ಬರುತ್ತದೆ ಎಂದು ಕೇಳಿದಳು. ನಮ್ಮಲ್ಲಿ ಯಾರಿಗೂ ಉತ್ತರ ಗೊತ್ತಿರಲಿಲ್ಲ. ಹದಿನೇಳು ವರ್ಷವೂ ಹದಿನೈದೇ ನಿಮಿಷ ನಿಂತು ಇಳಿದವರು ನಾವು. ಅವಳು ಒಂದೂವರೆ ಗಂಟೆ ಕುಳಿತು, ನಾಲ್ಕು ದಿಕ್ಕಿಗೂ ತಿರುಗಿ ನೋಡಿ, ಸಾಕೆನಿಸಿದ ಮೇಲೆ ಎದ್ದಳು.

ಕೆಳಗೆ ನನ್ನ ತಮ್ಮ ಬಂಡೆಯ ಸುತ್ತ ಓಡಾಡುತ್ತಿದ್ದ. ಕಿವಿ ಕೆಂಪಾಗಿತ್ತು. ಊಟದ ಡಬ್ಬಿಗಳೆಲ್ಲ ಪಕ್ಕದಲ್ಲೇ ಇದ್ದರೂ ಎಲ್ಲರೂ ಸೇರದೆ ಮುಚ್ಚಳ ತೆಗೆಯುವಂತಿಲ್ಲ ಎಂಬುದೂ ಅವನದೇ ನಿಯಮ. ಐದು ಗಂಟೆ ಹಸಿದು ಕುಳಿತಿದ್ದ. ಎಷ್ಟು ಹೊತ್ತು ತಡ ಎಂದು ಅವನು ಹೇಳತೊಡಗಿದ. ಅವಳು ಡಬ್ಬಿ ತೆರೆದು ಬ್ರೆಡ್ಡು, ಬೇಯಿಸಿದ ಮೊಟ್ಟೆ ಕೈಗಿಟ್ಟಳು. ಬಾಯಿ ತುಂಬಿದ್ದರಿಂದ ಲೆಕ್ಕ ನಿಂತಿತು.

ಎರಡನೆಯ ಮೊಟ್ಟೆಗೆ ಅವನು ಕೇಳಿದ: “ಬೆಳಗ್ಗೆ ಇಲ್ಲಿ ಎಷ್ಟೊಂದು ಚಳಿ ಇತ್ತು. ಇಷ್ಟು ವರ್ಷ ಇಲ್ಲಿ ಕೂತು ನೀನು ಏನ್ ಮಾಡ್ತಿದ್ದೆ?”

“ಬಂಡೆ ಮೇಲೆ ಬಿಸಿಲು ಬೀಳೋದು ಹನ್ನೊಂದಕ್ಕೆ,” ಎಂದಳು. “ಅಲ್ಲೀವರೆಗೂ ಎದ್ದು ಓಡಾಡ್ತಿದ್ದೆ.”

ಅವನು ತಿನ್ನುವುದನ್ನು ನಿಲ್ಲಿಸಿ ಬಹಳ ಯೋಚಿಸಿ, ಹಾಗಾದರೆ ಮುಂದಿನ ವರ್ಷದಿಂದ ಆರೂ ಕಾಲಿನ ಬದಲು ಎಂಟೂವರೆಗೆ ಹೊರಡಬಹುದು ಎಂದ. ಇದನ್ನು ಕ್ಷಮೆ ಕೇಳಿದ್ದು ಎಂದು ಮಗಳು ಆಮೇಲೆ ನನ್ನೊಡನೆ ವಾದಿಸಿದಳು. ನಾನು ಅಷ್ಟು ಉದಾರಿಯಲ್ಲ.

“ಮುಂದಿನ ವರ್ಷ ನೀವು ಎಷ್ಟೊತ್ತಿಗಾದ್ರೂ ಹೊರಡಿ,” ಎಂದಳು ಅವಳು, ಮಂಡಿಗೆ ಬಟ್ಟೆ ಬಿಗಿಯುತ್ತಾ. “ನಾನು ಮನೇಲಿ ಮಲಗಿರ್ತೀನಿ. ಚೀಲ ನೀವೇ ಕಟ್ಕೊಳ್ಳಿ.”

ಇಳಿಯುವಾಗ ಅವನು ಹೆಜ್ಜೆ ನಿಧಾನಿಸಿ ನನ್ನ ಪಕ್ಕಕ್ಕೆ ಬಂದ. ಹೆಂಡತಿಗೆ ಕೇಳಿಸದಷ್ಟು ಸಣ್ಣ ದನಿಯಲ್ಲಿ, ಮೊಟ್ಟೆ ಬೇಯಲು ಎಷ್ಟು ನಿಮಿಷ ಬೇಕಕ್ಕಾ ಎಂದು ಕೇಳಿದ. ಅವಳನ್ನೇ ಕೇಳು ಎಂದೆ. ಅವನು ಕೇಳಲಿಲ್ಲ, ಆದರೆ ಬೆಟ್ಟದ ಬುಡ ಬರುವವರೆಗೂ ಅವಳ ಹಿಂದೆಯೇ, ಅವಳ ವೇಗದಲ್ಲಿಯೇ ನಡೆದ.