ಅವ್ವ ಬಲಗಡೆಯಿಂದ ಓದುತ್ತಿದ್ದ ಗುರುತುಗಳು

ಮೊಮ್ಮಗಳ ಕೀಬೋರ್ಡಿನ ಗುಂಡಿಗಳ ಮೇಲೆ ಅಂಟಿಸಿದ್ದ ಗುರುತುಗಳನ್ನು ನೋಡುತ್ತಿದ್ದಂತೆಯೇ ನನ್ನ ಮೂಗಿಗೆ ಬಂಗಡೆ ಮೀನಿನ ಸಾರಿನ ವಾಸನೆ ಬಂತು. ನಗಬೇಡಿ, ಖರೇ ಹೇಳುತ್ತೇನೆ. ಬೋರಲು ಹಾಕಿದ ಬಟ್ಟಲಿನಂಥದ್ದೊಂದು, ನಡುವೆ ಗೀಟು ಎಳೆದ ಸೊನ್ನೆಯೊಂದು, ಕೊಕ್ಕೆ, ಬಾಣ, ತ್ರಿಕೋನ. ಕನ್ನಡವೂ ಅಲ್ಲ, ಮರಾಠಿಯೂ ಅಲ್ಲ. ಎರಡನೇ ಇಯತ್ತೆಗೇ ಶಾಲೆ ಬಿಟ್ಟ ನನಗೆ ಇಂಗ್ಲಿಷ್ ಓದಲು ಬರುವುದಿಲ್ಲ, ಆದರೆ ಇದು ಇಂಗ್ಲಿಷ್ ಅಲ್ಲವೆಂದು ಮಾತ್ರ ತಿಳಿಯಿತು.

"ಇದೇನ ಬೇ, ರಂಗೋಲಿ ಹಾಕಾಕತ್ತೀ ಏನ?" ಎಂದೆ.

"ರಂಗೋಲಿ ಅಲ್ಲ ಆಯಿ, ಕಂಪ್ಯೂಟರಿಗೆ ಕೆಲಸ ಹೇಳೂ ಭಾಷಾ. ಒಂದ ಗುರುತು ಇಟ್ರ ಸಾಕು, ಇಡೀ ಸಾಲಿಗೆ ಕೆಲಸ ಆಕ್ಕೈತಿ. ಒಂದೊಂದಕ್ಕ ಬ್ಯಾರೆ ಹೇಳೂದ ಬ್ಯಾಡ. ಆದ್ರ ಬಲಗಡಿಂದ ಓದಬೇಕು."

ನಾನು ಕುಂತಲ್ಲೇ ಚಪ್ಪಾಳೆ ತಟ್ಟಿದೆ. "ನಮ್ಮವ್ವನ ಭಾಷಾ ನಿನಗ ಯಾರ ಕಲಿಸಿದ್ರು?"

ನಾನು ಸಣ್ಣವಳಿದ್ದಾಗ ಗೋವಾದ ವಾಸ್ಕೋದಲ್ಲಿ ರೈಲು ಹಳಿಯ ಹಿಂದೆ, ತಗಡು ಹೊದಿಸಿದ ಮನೆಗಳ ಸಾಲಿನಲ್ಲಿ ನಮ್ಮದು ಕಡೆಯ ಮನೆ. ಮುಂದಿನ ಕೋಣೆಯೇ ಅವ್ವನ ಖಾನಾವಳಿ. ಧಾರವಾಡ, ಗದಗ ಕಡೆಯಿಂದ ಬಂದು ಬಂದರಿನಲ್ಲಿ ದುಡಿಯುವವರ ಬುತ್ತಿ ಡಬ್ಬಿಗಳು ಗೋಡೆಯ ಹಲಗೆಗಳ ಮೇಲೆ ಕೂತಿರುತ್ತಿದ್ದವು, ಒಂದು ತಂಡಕ್ಕೆ ಒಂದು ಸಾಲು. ರೊಟ್ಟಿ ಬಡಿಯುವ ಸಪ್ಪಳ, ಒಲೆಯ ಹೊಗೆ, ಮೀನಿನ ಸಾರಿಗೆ ಬಿದ್ದ ಕೋಕಮ್ಮಿನ ಹುಳಿ, ಇವುಗಳ ನಡುವೆಯೇ ನಾನು ಬೆಳೆದದ್ದು. ಅವ್ವನಿಗೆ ಅಕ್ಷರ ಬರುತ್ತಿರಲಿಲ್ಲ. ಹಲಗೆಯ ಅಂಚಿಗೆ ಸೀಮೆಸುಣ್ಣದಿಂದ ಗುರುತು ಹಾಕುತ್ತಿದ್ದಳು. ಕೊಕ್ಕೆ ಎಂದರೆ ಮೀನು ಮುಟ್ಟದವರ ಡಬ್ಬಿಗಳನ್ನು ಆಚೆ ಸರಿಸು. ಅವುಗಳ ಹಿಡಿಗೆ ಬಿಳಿ ದಾರ ಕಟ್ಟಿರುತ್ತಿತ್ತು. ಮೀನಿನ ಬಾಲ ಎಂದರೆ ಸಾಲಿನಲ್ಲಿ ಇರುವುದಕ್ಕೆಲ್ಲ ಮೀನಿನ ಸಾರು. ಬಾಗಿಲು ಬಲಗಡೆ ಇದ್ದದ್ದರಿಂದ ಅವ್ವ ಬಲತುದಿಯಿಂದಲೇ ಗುರುತು ಹಿಡಿಯುತ್ತ ಬರುತ್ತಿದ್ದಳು. ಕೊಕ್ಕೆ ಯಾವಾಗಲೂ ಬಲಕ್ಕೆ, ಬಾಲ ಎಡಕ್ಕೆ.

ಒಂದು ಮಳೆಗಾಲದಲ್ಲಿ ಅವ್ವನ ತಂಗಿ, ನನ್ನ ಚಿಗವ್ವ, ಗಂಡ ತೀರಿಕೊಂಡ ಮೇಲೆ ನಮ್ಮಲ್ಲಿಗೆ ಬಂದಳು. ಊರಿನಲ್ಲಿ ಅವಳನ್ನು ಇಟ್ಟುಕೊಳ್ಳುವವರು ಯಾರೂ ಇರಲಿಲ್ಲ. ಬಂದ ಸ್ವಲ್ಪ ದಿನಕ್ಕೇ ಅವ್ವ ಜ್ವರ ಬಂದು ಮಲಗಿದಳು, ಅಡುಗೆಮನೆ ಚಿಗವ್ವನ ಕೈಗೆ ಬಂತು. ಪಾಪ, ಗುರುತುಗಳ ಅರ್ಥ ಗೊತ್ತಿದ್ದರೂ ಅವಳು ಎಲ್ಲರಂತೆ ಅವನ್ನು ಎಡದಿಂದ ಓದಿದಳು. ಮೊದಲು ಇಡೀ ಸಾಲಿಗೆ ಮೀನಿನ ಸಾರು ಸುರಿದಳು, ಆಮೇಲೆ ದಾರ ಕಟ್ಟಿದ ಡಬ್ಬಿಗಳನ್ನು ನೀಟಾಗಿ ಆಚೆ ಸರಿಸಿಟ್ಟಳು!

ಮಧ್ಯಾಹ್ನ ತಂಡದ ಮೇಸ್ತ್ರಿ ಮುಕಾದಮರು ಡಬ್ಬಿ ಹಿಡಿದುಕೊಂಡೇ ಬಂದರು. ಹಣೆಗೆ ವಿಭೂತಿ, ಮುಖ ಕೆಂಪು. "ಅಕ್ಕಾರ, ಮುಚ್ಚಳಾ ತಗದ್ರ ಮೀನ ನನ್ನ ನೋಡಾಕತ್ತಿತ್ರಿ! ನಾಳಿಂದ ನಮ್ಮ ಮಂದಿ ಡಬ್ಬಿ ಬ್ಯಾರೆ ಕಡಿ."

ಅಪ್ಪನಿಗೆ ಸಿಟ್ಟು ನೆತ್ತಿಗೇರಿತು. "ಇಕಿನ್ನ ನಾಳಿ ಗಾಡಿಗೆ ಊರಿಗೆ ಕಳಿಸಿಬಿಡೂಣು," ಎಂದ. ಚಿಗವ್ವ ಒಳಗೆ ಹೋಗಿ ಹಗ್ಗದ ಮೇಲಿದ್ದ ತನ್ನ ಸೀರೆಯನ್ನು ಎಳೆದುಕೊಂಡಳು.

ಅವ್ವ ಕೌದಿ ಹೊದ್ದುಕೊಂಡೇ ಎದ್ದು ಬಂದಳು. "ಊಟ ಕೆಟ್ಟೈತ್ರಿ ಅಣ್ಣಾರ, ನನ್ನ ತಂಗಿ ಕೆಟ್ಟಿಲ್ಲ. ಯಾವ ಕಡಿಂದ ಓದಬೇಕಂತ ಆಕಿಗೆ ನಾನ ಹೇಳಿಲ್ಲ. ಕಳಸೂದಿದ್ರ ನನ್ನ ಕಳಸ್ರಿ," ಎಂದು ಅಪ್ಪನಿಗೆ ಹೇಳಿ ಮುಕಾದಮರ ಕಡೆ ತಿರುಗಿದಳು. "ನೀವು ಕುಂದರ್ರಿ, ಆಕಿ ಕೈಲೇ ರೊಟ್ಟಿ ಉಂಡು ಹೋಗ್ರಿ."

ಚಿಗವ್ವ ಹೊಸ ಪಾತ್ರೆ ತೆಗೆದು ಕಡಲೆಹಿಟ್ಟಿನ ಝುಣಕ ಮಾಡಿದಳು. ಕಣ್ಣೀರು ಒರೆಸಿಕೊಳ್ಳುತ್ತ ರೊಟ್ಟಿ ಬಡಿದಳು. ಮುಕಾದಮರು ತಾಟಿನ ಮುಂದೆ ಕೈ ಕಟ್ಟಿಕೊಂಡು ಕೂತಿದ್ದರು. ಅವರು ಎದ್ದು ಹೋದರೆ ಚಿಗವ್ವನಿಗೆ ಈ ಮನೆಯೂ ಇಲ್ಲ ಎಂಬುದು ನನಗೂ ತಿಳಿದಿತ್ತು. ಕಡೆಗೆ ಒಂದು ತುತ್ತು ಮುರಿದರು.

"ರೊಟ್ಟಿ ಚಲೋ ಐತಿ. ಆದ್ರ ಅಳಕೊಂತ ಬಡದ್ರ ಉಪ್ಪಾಕ್ಕೈತಿ, ತಂಗೀ. ಇನ್ನೊಂದು ಹಾಕು."

ಅಪ್ಪ ಅಂಗಳಕ್ಕೆ ಹೋಗಿ ಕಟ್ಟಿಗೆ ಒಡೆಯತೊಡಗಿದ.

ಇಷ್ಟು ಕೇಳಿ ಮೊಮ್ಮಗಳು ನನ್ನ ಕೊರಳಿಗೆ ಜೋತುಬಿದ್ದಳು. "ಆಯಿ, ನನ್ನ ಕೆಲಸದಾಗೂ ಎಡದಿಂದ ಓದಿದ್ರ ಹಿಂಗ ಎಲ್ಲಾ ತಿರುವುಮುರುವು!" ಎಂದು ನಕ್ಕಳು. ನನಗಾದ ಸಂತೋಷ ಎಲ್ಲಿ ಇಡಲಿ ಹೇಳಿ? ಓದಿದ ಹುಡುಗಿ, ಮುತ್ತಜ್ಜಿಯ ಮನೆಗೆ ಅವಳೂ ಒಮ್ಮೆ ಹೋಗಿಬಂದಂತಾಯಿತು.

ಆ ಮನೆಗಳ ಸಾಲು ಈಗಿಲ್ಲ. ಅಲ್ಲಿ ಲಾರಿಗಳು ನಿಲ್ಲುತ್ತವೆ. ಅವ್ವ ಹೋದ ಮೇಲೆ ಖಾನಾವಳಿಯನ್ನು ನಡೆಸಿದವಳು ಚಿಗವ್ವ. ಮನೆ ಕೆಡವಿದ ಮೇಲೆ ನನ್ನ ಜೊತೆಗೇ ಇದ್ದು, ನನ್ನ ತೊಡೆಯ ಮೇಲೆಯೇ ಕಣ್ಣು ಮುಚ್ಚಿದಳು. ಊರಿನಿಂದ ಬಂದ ಬಳಗದವರು, "ಮಣ್ಣು ಕೊಡೂದು ಊರಾಗ ಆಗಲಿ, ಗಾಡಿ ಮಾಡೂಣು," ಎಂದರು.

"ಬ್ಯಾಡ್ರಿ," ಎಂದೆ. "ಇಕಿ ಮನಿ ಇಲ್ಲೇ ಐತಿ."