ವೈರ್‌ಲೆಸ್ ಲೈಸೆನ್ಸಿಗೆ ಮೂರು ವರ್ಷದ ಅನುಭೋಗ

ಎಂಬತ್ತರ ದಶಕದ ಮೊದಲಿಗೆ ನಾನು ಕೊಲ್ಲಿಯ ಒಂದು ದೇಶದಲ್ಲಿ, ರಸ್ತೆ ಹಾಕುವ ಕಂಪನಿಯ ಸ್ಟೋರಿನಲ್ಲಿದ್ದೆ. ತಮಿಳುನಾಡಿನ ಗಡಿಯ ರಾಯಕೋಟೆ ಸಂತೆಯಲ್ಲಿ ಹುಣಸೆಹಣ್ಣು ಮಾರಿ ಮೇಲೆ ಬಂದವನು. ಯಾವ ದೇಶದವನನ್ನಾದರೂ ಮಾತಿನಲ್ಲಿ ಬಗ್ಗಿಸಬಲ್ಲೆ ಎಂಬ ಜಂಬವಿತ್ತು. ಉದ್ದನಪಲ್ಲಿಯಲ್ಲಿ ಸುಮ್ಮನೆ ಕೂತಿದ್ದ ಹೆಂಡತಿಯ ತಮ್ಮನನ್ನೂ ನಾನೇ ಅಲ್ಲಿಗೆ ಕರೆಸಿಕೊಂಡಿದ್ದೆ.

ಮರಳುಗಾಡಿನಲ್ಲಿ ದೂರ ದೂರ ಹೋಗುವ ಲಾರಿಗಳ ಜೊತೆ ಕ್ಯಾಂಪಿನವರು ವೈರ್‌ಲೆಸ್ಸಿನಲ್ಲಿ ಮಾತಾಡುತ್ತಿದ್ದರು. ಆ ಕೆಲಸದವನು ಬಿಟ್ಟು ಹೊರಟ. ಬದಲಿಗೆ ಬರುವವನಿಗೆ ಅಲ್ಲಿನ ಸರ್ಕಾರದ ಲೈಸೆನ್ಸ್ ಬೇಕು. ಲೈಸೆನ್ಸ್ ಇದ್ದವನಿಗೆ ಎರಡು ರೂಮಿನ ಕ್ವಾರ್ಟರ್ಸು, ಹೆಂಡತಿಗೆ ವೀಸಾ. ನನಗೆ ಬೇಕಾದದ್ದು ಅದು. ಮದುವೆಯಾಗಿ ಐದು ವರ್ಷವಾಗಿತ್ತು. ನಾವಿಬ್ಬರೂ ಒಟ್ಟಿಗೆ ಇದ್ದದ್ದು ಎರಡು ರಜೆ. ಅವಳ ಪಾಸ್‌ಪೋರ್ಟ್ ಆಗಲೇ ಮಾಡಿಸಿಟ್ಟಿದ್ದೆ.

ಕಂಪನಿ ನನ್ನ ಹೆಸರನ್ನೂ ಭಾವಮೈದನ ಹೆಸರನ್ನೂ ಕಳಿಸಿತು. ಪರೀಕ್ಷೆ ಕಷ್ಟವೇನಲ್ಲ. ಹಳೆಯ ಆಪರೇಟರ್ ಊಟಕ್ಕೆ ಹೋದಾಗಲೆಲ್ಲ ನಾವು ಸೆಟ್ ಹಿಡಿದು ಮಾತಾಡಿದ್ದೆವು, ಎಂಟು ತಿಂಗಳು. ಇಬ್ಬರೂ ಪಾಸಾದೆವು. ಉಳಿದದ್ದು ಒಂದು ಅರ್ಜಿ. ಅದರಲ್ಲೊಂದು ಪ್ರಶ್ನೆ: ಇದಕ್ಕೆ ಮೊದಲು ಈ ಉಪಕರಣ ಬಳಸಿದ್ದೀರಾ, ಎಷ್ಟು ಕಾಲದಿಂದ?

"ಏನ್ ಬರೀಲಿ ಭಾವ?" ಅಂದ ಭಾವಮೈದ.

"ನೀನು ಇಲ್ಲ ಅಂತ ಬರ್ದ್ಬುಡ್ಲಾ. ಯಾಕೆ, ಏನು ಅಂತ ಕೇಳಿದ್ರೆ ನಿಂಗೆ ಬಾಯಿ ಬರಕ್ಕಿಲ್ಲ."

"ನೀನು?"

"ನಂದು ಬೇರೆ ಲೆಕ್ಕ ಕಣ್ಲಾ. ನೋಡ್ತಿರು."

ನನ್ನ ಲೆಕ್ಕ ಊರಿನದು. ಕೋಟೆಯ ತಪ್ಪಲಿನಲ್ಲಿ ನಮ್ಮ ಮನೆ ಇದ್ದದ್ದು ಪೊರಂಬೋಕು ಜಾಗದಲ್ಲಿ, ಅಂದರೆ ಸರ್ಕಾರದ ಖಾಲಿ ನೆಲದಲ್ಲಿ. ನಮ್ಮ ಕಡೆ ಮೊದಲು ಗೋಡೆ ಏಳುತ್ತದೆ, ಆಮೇಲೆ ಪಟ್ಟಾ, ಅಂದರೆ ಹಕ್ಕುಪತ್ರ, ಬರುತ್ತದೆ. ಕೃಷ್ಣಗಿರಿ ತಾಲ್ಲೂಕು ಕಚೇರಿಯಿಂದ ಬಂದವರು ಕೇಳುತ್ತಿದ್ದದ್ದು ಒಂದೇ: ಎಷ್ಟು ವರ್ಷದ ಅನುಭೋಗ? ಹೆಚ್ಚು ವರ್ಷ ಇದ್ದವನಿಗೆ ಹೆಚ್ಚು ಹಕ್ಕು. ಆರು ವರ್ಷ ಇದ್ದದ್ದನ್ನು ನಮ್ಮಪ್ಪ ಹದಿನೈದು ಎಂದರು, ಇಬ್ಬರು ಮುದುಕರು ಹೌದೆಂದರು, ಪಟ್ಟಾ ಬಂತು. ನಾನೂ ಎಂಟು ತಿಂಗಳನ್ನು ಮೂರು ವರ್ಷ ಮಾಡಿದೆ.

ಒಂದು ವಾರಕ್ಕೆ ಕರೆ ಬಂತು. ಅಧಿಕಾರಿ ಆ ದೇಶದವನು. ಪಕ್ಕದಲ್ಲಿ ತಮಿಳು ಬಲ್ಲ ಒಬ್ಬ ಗುಮಾಸ್ತ. ಅವನು ತಮಿಳಿನಲ್ಲಿ ಕೇಳಿದ, "ಮೂರು ವರ್ಷ ಅಂತ ನೀವೇ ಬರೆದದ್ದಾ?"

"ಹೌದು ಸಾರ್. ಬೇಕಾದರೆ ಸಾಕ್ಷಿ ಇಬ್ಬರನ್ನ ಕರ್ಕೊಂಡು ಬರ್ತೀನಿ."

ಗುಮಾಸ್ತ ನನ್ನ ಮುಖವನ್ನೇ ನೋಡಿದ. "ಅಣ್ಣಾ, ಲೈಸೆನ್ಸ್ ಇಲ್ಲದೆ ಸೆಟ್ ಮುಟ್ಟೋದು ಇಲ್ಲಿ ಗುನ್ನೆ. ಬೇಡ, ಸಾಕ್ಷಿ ಬೇಡ."

ಹಾಗಾದರೆ ಎಂಟೇ ತಿಂಗಳು ಎಂದೆ. ಅಧಿಕಾರಿ ಏನೋ ಅಂದ. "ಈಗ ಸುಳ್ಳೂ ಸೇರಿತು ಅಂತಾರೆ," ಎಂದು ಗುಮಾಸ್ತ ಮೆಲ್ಲಗೆ ಹೇಳಿದ. ಚೌಕಾಸಿಗೆ ಅಲ್ಲಿ ಜಾಗವೇ ಇರಲಿಲ್ಲ. ಆ ದೇಶದಲ್ಲಿ ಇರುವಷ್ಟು ಕಾಲ ನನ್ನ ಹೆಸರಿಗೆ ಲೈಸೆನ್ಸ್ ಇಲ್ಲ ಎಂದು ಮುದ್ರೆ ಒತ್ತಿದರು. ಕೆಲಸದಿಂದ ತೆಗೆಯಲಿಲ್ಲ, ಅಷ್ಟೇ ಪುಣ್ಯ.

ಭಾವಮೈದನಿಗೆ ಲೈಸೆನ್ಸ್ ಬಂತು. ನಾಲ್ಕು ತಿಂಗಳಿಗೆ ಅವನ ಹೆಂಡತಿಯೂ ಬಂದಳು. ಮದರಾಸಿಗೆ ಹೋಗಿ ಅವಳನ್ನು ವಿಮಾನ ಹತ್ತಿಸಿ ಬಂದವಳು ನನ್ನ ಹೆಂಡತಿ.

ರಜೆಗೆ ಹೋದಾಗ ಅವಳು ಅಳಲಿಲ್ಲ, ಬೈಯಲಿಲ್ಲ. "ಇಲ್ಲ ಅಂತ ಬರಿ ಅಂತ ನನ್ ತಮ್ಮಂಗೆ ಹೇಳ್ಕೊಟ್ಟೋರು ಯಾರು?" ಎಂದು ಕೇಳಿದಳು.

"ನಾನೇ."

"ಒಳ್ಳೇದಾಯ್ತು ಬುಡಿ, ಅವನಾದ್ರೂ ನಿಮ್ ಮಾತು ಕೇಳ್ದ."

ಹೊರದೇಶಕ್ಕೆ ಹೊರಟವರು ಈಗಲೂ ನನ್ನ ಹತ್ತಿರ ಬರುತ್ತಾರೆ. ಅರ್ಜಿ ಕೇಳಿದ್ದಕ್ಕಿಂತ ಒಂದು ಮಾತು ಹೆಚ್ಚಿಗೆ ಬರೆಯಬೇಡಿ ಎನ್ನುತ್ತೇನೆ. ಪುಕ್ಕಟೆ ಬುದ್ಧಿ, ಬೆಲೆ ಮಾತ್ರ ನಾನು ತೆತ್ತಿದ್ದೇನೆ.

ಅಲ್ಲಿ ಇನ್ನೂ ನಾಲ್ಕು ವರ್ಷ ದುಡಿದೆ. ಶುಕ್ರವಾರ ರಜೆ. ಭಾವಮೈದ ತಪ್ಪದೆ ಕ್ವಾರ್ಟರ್ಸಿಗೆ ಊಟಕ್ಕೆ ಕರೆಯುತ್ತಿದ್ದ. ಅವನ ಹೆಂಡತಿ ಊರಿನಿಂದ ತಂದ ರಾಗಿಹಿಟ್ಟಿನಲ್ಲಿ ಮುದ್ದೆ ಮಾಡುತ್ತಿದ್ದಳು. "ಇನ್ನೊಂದು ಹಾಕಿಸ್ಕೊ ಭಾವ, ಯಾಕಿಂಗೆ ಸಂಕೋಚ ಪಟ್ಕೊಂಡು ತಿಂತೀಯ?" ಅನ್ನುವನು. ಊರಿಗೆಲ್ಲ ಮಾತು ಹೇಳಿಕೊಡುವ ನನಗೆ, ಬರುವುದಿಲ್ಲ ಎನ್ನಲು ಒಂದು ಕಾರಣವೂ ಹೊಳೆಯುತ್ತಿರಲಿಲ್ಲ. ಹೋಗುತ್ತಿದ್ದೆ, ಉಣ್ಣುತ್ತಿದ್ದೆ.