ಕೂಸು ಮಿಸುಕದ ದಿನ

ಇವತ್ತು ಹಸಿ ಸಿಮೆಂಟಿನ ವಾಸನೆಗೆ ಚಿಕ್ಕಂದಿನಲ್ಲಿ ನಾವಿದ್ದ ತೆಲುಗು ನಾಡಿನ ಬೇಗಂಪೇಟೆಯ ಆ ಸ್ಲ್ಯಾಬು ನೆನಪಾಯಿತು. ಶಾಲೆಗಿಂತ ಸ್ಲ್ಯಾಬು ಹತ್ತಿದ್ದೇ ಹೆಚ್ಚು ನಾನು! ಅಪ್ಪ ಸಾಫ್ಟ್‌ವೇರ್ ಕಂಪನಿಯ ಕಟ್ಟಡಕ್ಕೆ ಗೌಂಡಿ. ಅವತ್ತು ಸ್ಲ್ಯಾಬು ಗಟ್ಟಿಯಾಗಲೆಂದು ನಿಲ್ಲಿಸಿದ್ದ ನೀರಲ್ಲಿ ಹುಳ ಆಡುತ್ತಿದ್ದವು. ಅವ್ವನ ಹೊಟ್ಟೆಯ ಕೂಸು ಮಾತ್ರ ಬೆಳಿಗ್ಗೆಯಿಂದ ಮಿಸುಕಿರಲಿಲ್ಲ.

ಹೆದರಿ, ಹುಬ್ಬಳ್ಳಿ ಕಡೆಯ ಎಂಜಿನಿಯರನ್ನು ಕೇಳಿದೆ: "ಜೀವ ಯಾರು ಹಾಕ್ತಾರ್ರಿ ಸರ?"

"ಮೊದಲನೇ ಜೀವ ಹೆಂಗ ಬಂತು, ವಿಜ್ಞಾನಕ್ಕ ಇನ್ನೂ ಗೊತ್ತಾಗಿಲ್ಲೋ."

ಅಪ್ಪ ಕರಣಿ ಎತ್ತಿದ: "ಅಂದಮ್ಯಾಲ ದೇವರ ಮಾಡ್ಯಾನ. ಗೌಂಡಿ ಇಲ್ದ ಗ್ವಾಡಿ ಏಳತೈತೇನ್ರಿ?"

"ಗೊತ್ತಿಲ್ಲಂದ್ರ ಗೊತ್ತಿಲ್ಲ, ಅಷ್ಟ!" ಎಂದರು ಎಂಜಿನಿಯರ್.

ಅವ್ವ ಕೂಗಿದಳು: "ಆಮ್ಯಾಲ ಜಗಳಾಡ್ರಿ, ಮೊದಲ ದವಾಖಾನಿಗೆ ನಡೀರಿ!"

ಡಾಕ್ಟರಮ್ಮ ಹೊಟ್ಟೆಗೆ ಕೊಳವೆ ಹಚ್ಚಿ ಕೇಳುವಾಗ ಅಪ್ಪನೂ ಎಂಜಿನಿಯರೂ ಬಾಗಿಲಲ್ಲಿ ಒಟ್ಟಿಗೇ ಇಣುಕುತ್ತಿದ್ದರು. ಕೊನೆಗೆ ಕೂಸಿನ ಎದೆಬಡಿತ ಸಿಕ್ಕಿ ಆಕೆ ನಕ್ಕರು.

ಆ ಕೂಸೇ ನನ್ನ ತಂಗಿ. ಇಬ್ಬರಲ್ಲಿ ಯಾರು ಸರಿಯೋ ನನಗಿನ್ನೂ ಬಗೆಹರಿದಿಲ್ಲ. ಅವಳು ಫೋನ್ ಎತ್ತದಿದ್ದರೆ ಮಾತ್ರ ಮೊದಲು "ದೇವರೇ" ಅನ್ನುತ್ತೇನೆ, ಆಮೇಲೆ ಅವಳ ಗಂಡನಿಗೆ ಫೋನ್ ಮಾಡುತ್ತೇನೆ.